ಕಾವೇರಿಯ ಮಹಶೀರ್: ಹೆಸರು ಸಿಗುವಷ್ಟರಲ್ಲಿ ಅಳಿವಿನ ಅಂಚಿಗೆ

ಬೆಂಗಳೂರು: ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನು ಹೊರಜಗತ್ತಿಗೆ ಹೊಸದೇನಲ್ಲ. ಗಾಳ ಹಿಡಿದು ನದಿಗಿಳಿಯುವ ಹವ್ಯಾಸವುಳ್ಳ ಯುರೋಪಿಯನ್ನರು 19ನೇ ಶತಮಾನದಿಂದಲೂ ದಕ್ಷಿಣ ಭಾರತದ ಮಹಶೀರ್ ಮೀನನ್ನು ಹಾಡಿ ಹೊಗಳಿದ್ದಾರೆ. ಮದ್ರಾಸ್ ಸಿವಿಲ್ ಸರ್ವಿಸ್‌ನ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್ 1873ರಷ್ಟು ಹಿಂದೆಯೇ ಭಾರತದಲ್ಲಿ ಗಾಳ ಹಾಕುವವರಿಗಾಗಿ ಬರೆದ ಪುಸ್ತಕದಲ್ಲಿ ಈ ಮೀನಿಗೆ ಅಗ್ರಸ್ಥಾನ ನೀಡಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಸದಸ್ಯರೊಬ್ಬರು ಕಬಿನಿ ನದಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಆ ದಾಖಲೆಯನ್ನು ಗಾಳ ಹಿಡಿಯುವವರು ಇಂದಿಗೂ ಸ್ಮರಿಸುತ್ತಾರೆ.

ಇಷ್ಟೊಂದು ಖ್ಯಾತಿವೆತ್ತ ಈ ಜೀವಿಗೆ 2018ರ ತನಕ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ ಎಂದರೆ ನಂಬುವುದು ಕಷ್ಟ. ಆ ವರ್ಷದ ಜೂನ್‌ನಲ್ಲಿ ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳ ತಂಡವೊಂದು ಕಾವೇರಿಯ ಗೂನುಬೆನ್ನಿನ ಮಹಶೀರ್ ಎಂದರೆ 'ಟಾರ್ ರೆಮಾದೇವಿ' ಎಂಬ ಪ್ರಭೇದವೇ ಎಂದು ಪ್ರಕಟಿಸಿತು. ಅದೇ ವರ್ಷ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ತನ್ನ ಕೆಂಪು ಪಟ್ಟಿಗೆ ಸೇರಿಸಿತು. ಸೇರಿಸಿದ್ದು 'ತೀವ್ರ ಅಪಾಯದಲ್ಲಿರುವ' ಜೀವಿಗಳ ಸಾಲಿಗೆ. ಈ ಸಾಲಿನ ನಂತರ ಉಳಿಯುವುದು ನಿಸರ್ಗದಲ್ಲಿ ನಾಮಾವಶೇಷವಾದವುಗಳ ಸಾಲು ಮಾತ್ರ.

ಹೆಸರು ಸಿಕ್ಕಿದ ಐದೇ ತಿಂಗಳಲ್ಲಿ ಅಳಿವಿನ ಅಂಚಿನ ಪಟ್ಟಿ. ಮೀನಿನ ಸ್ಥಿತಿ ಆ ಐದು ತಿಂಗಳಲ್ಲಿ ಹದಗೆಟ್ಟದ್ದೇನಲ್ಲ. ಅದು ವರ್ಷಗಳಿಂದ ಕ್ಷೀಣಿಸುತ್ತಲೇ ಇತ್ತು. ಆದರೆ ಹೆಸರಿಲ್ಲದ ಜೀವಿಯನ್ನು ಪಟ್ಟಿಯಲ್ಲಿ ಬರೆಯಲು ಬರುವುದಿಲ್ಲ. ಜೀವಿಗಳ ವರ್ಗೀಕರಣವೆಂದರೆ ಪಿಯುಸಿ ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿ ಮರೆಯುವ ಶುಷ್ಕ ವಿಷಯವೆಂದು ಭಾವಿಸಿದವರಿಗೆ ಕಾವೇರಿಯ ಈ ಪ್ರಕರಣ ಬೇರೆಯದೇ ಚಿತ್ರವನ್ನು ಮುಂದಿಡುತ್ತದೆ.

ಲೆಕ್ಕದಲ್ಲಿ ಏರಿಕೆ, ನದಿಯಲ್ಲಿ ಇಳಿಕೆ

ಕನಕಪುರ ತಾಲ್ಲೂಕಿನ ಸಂಗಮದಿಂದ ಮೇಲ್ಭಾಗಕ್ಕೆ, ಕಾವೇರಿಯ ದಡದಲ್ಲಿ ಗಾಳಿಬೋರೆ ಎಂಬ ಸ್ಥಳವಿದೆ. ಅಲ್ಲಿ ಹಿಂದೆ ಗಾಳ ಹಾಕುವವರ ಶಿಬಿರವಿತ್ತು. ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಜೀವಂತವಾಗಿ ಮರಳಿ ನದಿಗೆ ಬಿಡಬೇಕೆಂಬುದು ಶಿಬಿರದ ನಿಯಮ. 2012ರಲ್ಲಿ ವನ್ಯಜೀವಿ ಕಾನೂನಿನ ಹಿನ್ನೆಲೆಯಲ್ಲಿ ಈ ಚಟುವಟಿಕೆ ಸ್ಥಗಿತಗೊಂಡಿತು. ಹವ್ಯಾಸಿಗಳು ಬರೆದಿಟ್ಟ ಪುಸ್ತಕಗಳು ಮಾತ್ರ ಉಳಿದವು.

ಆ ಪುಸ್ತಕಗಳು ವಿಜ್ಞಾನಿಗಳ ಕೈಗೆ ಬಂದಾಗ ಅಪರೂಪದ ಮಾಹಿತಿ ಹೊರಬಿತ್ತು. 1998ರಿಂದ 2012ರವರೆಗೆ ಒಟ್ಟು 23,620 ಗಂಟೆಗಳ ಕಾಲ ಗಾಳ ಹಾಕಿ 6,161 ಮಹಶೀರ್ ಮೀನುಗಳನ್ನು ಹಿಡಿದು ಬಿಡಲಾಗಿತ್ತು. ಅರ್ಧ ಕಿಲೋಗಿಂತ ಚಿಕ್ಕ ಮರಿಯಿಂದ ಹಿಡಿದು ಸುಮಾರು 47 ಕಿಲೋ ತೂಕದ ದೈತ್ಯನವರೆಗೆ ಎಲ್ಲವೂ ದಾಖಲಾಗಿದ್ದವು. ದೇಶದ ಯಾವುದೇ ನದಿಮೀನಿನ ಬಗ್ಗೆ ಇಷ್ಟು ದೀರ್ಘಕಾಲದ ಲೆಕ್ಕ ಸಿಗುವುದು ವಿರಳ.

ಲೆಕ್ಕವನ್ನು ಮೇಲ್ನೋಟಕ್ಕೆ ಓದಿದವರಿಗೆ ಸಂತಸವೇ ಆಗಬೇಕು. ಗಂಟೆಗೆ ಸಿಗುವ ಮಹಶೀರ್‌ಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಶಿಬಿರದ ಕಾವಲಿನಿಂದ ಡೈನಮೈಟ್ ಸಿಡಿಸುವವರ, ಕಳ್ಳಬಲೆ ಹಾಕುವವರ ಹಾವಳಿ ತಗ್ಗಿ ಮೀನು ಹೆಚ್ಚಿದೆ ಎಂದು ಹೇಳಬಹುದಿತ್ತು. ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಸಿಗುವ ಮೀನಿನ ಸರಾಸರಿ ತೂಕ ಇಳಿಯುತ್ತ ಬಂದಿತ್ತು. ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್. ಕಿತ್ತಳೆ ಬಣ್ಣದ ರೆಕ್ಕೆಯ, ತಲೆಯ ಹಿಂದೆ ಗೂನು ಎದ್ದಿರುವ ಕಾವೇರಿಯ ಮೂಲ ಮಹಶೀರ್ ಲೆಕ್ಕದ ಪುಸ್ತಕದಿಂದ ಮೆಲ್ಲಮೆಲ್ಲನೆ ಮರೆಯಾಗುತ್ತಿತ್ತು. ಎರಡನ್ನೂ ಒಂದೇ 'ಮಹಶೀರ್' ಎಂದು ಕೂಡಿಸಿದರೆ ಏರಿಕೆ. ಬೇರ್ಪಡಿಸಿದರೆ ಒಂದರ ವಿಜೃಂಭಣೆ, ಇನ್ನೊಂದರ ಅವಸಾನ.

ನೀಲಿ ರೆಕ್ಕೆಯ ಮೀನು ಕಾವೇರಿಗೆ ಬಂದ ಬಗೆಯೂ ಗಮನಾರ್ಹ. 'ಟಾರ್ ಖುಡ್ರೀ' ಎಂಬ ಈ ಪ್ರಭೇದದ ವಿವರಣೆ ಮೊದಲು ಬಂದದ್ದು 1839ರಲ್ಲಿ, ಪುಣೆ ಸಮೀಪದ ಮುಳಾ-ಮುಠಾ ನದಿಯ ಮೀನುಗಳನ್ನು ಆಧರಿಸಿ. 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮೀನುಮರಿ ಕೇಂದ್ರ ಮಹಶೀರ್ ಸಂತಾನಾಭಿವೃದ್ಧಿಯಲ್ಲಿ ಯಶಸ್ಸು ಸಾಧಿಸಿತು. ಅಲ್ಲಿನ ಮರಿಗಳನ್ನು ಹಲವು ರಾಜ್ಯಗಳ ನದಿ, ಜಲಾಶಯಗಳಿಗೆ ಬಿಡಲಾಯಿತು. ಅವುಗಳಲ್ಲಿ ಕಾವೇರಿಯೂ ಒಂದು. ಉದ್ದೇಶ ಒಳ್ಳೆಯದೇ ಇತ್ತು. ಮಹಶೀರ್ ಕಡಿಮೆಯಾಗುತ್ತಿದೆ, ಆದ್ದರಿಂದ ಮಹಶೀರ್ ಬಿಡೋಣ ಎಂಬ ತರ್ಕ ಸರಳವಾಗಿತ್ತು. ಯಾವ ಮಹಶೀರ್ ಎಂದು ಕೇಳಲು ಆಗ ಯಾರ ಬಳಿಯೂ ಸ್ಪಷ್ಟ ಹೆಸರಿನ ಪಟ್ಟಿ ಇರಲಿಲ್ಲ.

ಗೊಂದಲ ಶುರುವಾದದ್ದು ಎಲ್ಲಿ?

ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಗೆ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಭದ್ರ ಬುನಾದಿ ಹಾಕಿದನೆಂಬುದು ಶಾಲಾ ಮಕ್ಕಳಿಗೂ ತಿಳಿದ ಸಂಗತಿ. ಪ್ರಾಣಿಗಳ ಹೆಸರಿಗೆ 1758ರಲ್ಲಿ ಹೊರಬಂದ ಆತನ ಗ್ರಂಥದ ಹತ್ತನೇ ಆವೃತ್ತಿಯೇ ಆರಂಭಬಿಂದು. ಮೊದಲ ಪದ ಕುಲವನ್ನೂ ಎರಡನೆಯದು ಪ್ರಭೇದವನ್ನೂ ಸೂಚಿಸುತ್ತದೆ. ಎಲ್ಲ ನಿಜ ಮಹಶೀರ್‌ಗಳ ಕುಲನಾಮ 'ಟಾರ್'.

ಹೆಚ್ಚಿನವರಿಗೆ ತಿಳಿಯದಿರುವುದು ಹೆಸರಿನ ಹಿಂದಿರುವ ನಿಯಮಾವಳಿ. ಹೊಸ ಪ್ರಭೇದವನ್ನು ಘೋಷಿಸುವವರು ಒಂದು ನಿರ್ದಿಷ್ಟ ಮಾದರಿ ಜೀವಿಯನ್ನು ಸಂಗ್ರಹಾಲಯದಲ್ಲಿ ಇರಿಸಬೇಕು. ಮುಂದೆ ವಿವಾದ ಎದ್ದರೆ ಆ ಹೆಸರು ಯಾರದು ಎಂಬುದಕ್ಕೆ ಅದೇ ಸಾಕ್ಷಿ. ಒಂದೇ ಜೀವಿಗೆ ಎರಡು ಹೆಸರು ಬಿದ್ದಿದ್ದರೆ ಮೊದಲು ಇಟ್ಟದ್ದೇ ಊರ್ಜಿತ. ಒಂದು ರೀತಿಯಲ್ಲಿ ಇದು ಭೂದಾಖಲೆಯ ಕಚೇರಿಯಂತೆ: ಮೂಲ ಪತ್ರ ಎಲ್ಲಿದೆ, ನೋಂದಣಿ ಯಾವಾಗ ಆಯಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕಾವೇರಿಯ ಮೀನಿನ ಮಟ್ಟಿಗೆ ಈ ಮೂಲ ಪತ್ರವೇ ಗೊಂದಲದ ಗೂಡಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಡಬ್ಲ್ಯು.ಎಚ್. ಸೈಕ್ಸ್ 1839ರಲ್ಲಿ ದಖನ್ನಿನ ಮೀನುಗಳನ್ನು ವಿವರಿಸುವಾಗ ಸ್ಥಳೀಯ ಹೆಸರುಗಳನ್ನೇ ಲ್ಯಾಟಿನ್ ಸಾಲಿಗೆ ಏರಿಸಿದ್ದ. ಅವುಗಳಲ್ಲಿ 'ಮುಸಲ್ಲ' ಎಂಬುದೊಂದು. ಬಹಳ ಕಾಲ ಕಾವೇರಿಯ ಗೂನುಬೆನ್ನಿನ ಮಹಶೀರ್‌ಗೆ ಇದೇ ಹೆಸರನ್ನು ಅಂಟಿಸಲಾಗಿತ್ತು. ಹಳೆಯ ವಿವರಣೆಯನ್ನು ಮತ್ತೆ ಪರಿಶೀಲಿಸಿದ ತಜ್ಞರು, ಸೈಕ್ಸ್ ಹೇಳಿದ ಮೀನು ಮಹಶೀರ್ ಅಲ್ಲವೇ ಅಲ್ಲ, ಅದು 'ಹಿಪ್ಸೆಲೊಬಾರ್ಬಸ್' ಎಂಬ ಬೇರೆಯೇ ಕುಲಕ್ಕೆ ಸೇರಿದ್ದೆಂದು ತೀರ್ಮಾನಿಸಿದರು. ಅಲ್ಲಿಗೆ ಕಾವೇರಿಯ ಮೀನು ಇದ್ದ ಹೆಸರನ್ನೂ ಕಳೆದುಕೊಂಡಿತು. ಅದು ಅಳಿವಿನತ್ತ ಸಾಗುತ್ತಿದೆಯೇ ಎಂದು ಪ್ರಶ್ನಿಸಿದ 2015ರ ಸಂಶೋಧನಾ ಲೇಖನ ಅದನ್ನು 'ಟಾರ್ ಕುಲದ ಒಂದು ಪ್ರಭೇದ' ಎಂದಷ್ಟೇ ಕರೆಯಬೇಕಾಯಿತು.

ಉತ್ತರ ಇದ್ದದ್ದು ಕೇರಳದ ಪಾಂಬಾರ್ ನದಿಯಲ್ಲಿ. ಮುನ್ನಾರ್ ಸೀಮೆಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು, ಅಮರಾವತಿಯ ಮೂಲಕ ಕಾವೇರಿಯನ್ನು ಸೇರುವ ಹೊಳೆ ಇದು. ಅಲ್ಲಿ ಸಿಕ್ಕಿದ ಚಿಕ್ಕ ಗಾತ್ರದ ಮಹಶೀರ್‌ಗಳನ್ನು ಪರೀಕ್ಷಿಸಿ ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿಜ್ಞಾನಿಗಳು 'ಟಾರ್ ರೆಮಾದೇವಿ' ಎಂಬ ಹೊಸ ಪ್ರಭೇದವನ್ನು ಹೆಸರಿಸಿದ್ದರು. ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ಮತ್ಸ್ಯ ತಜ್ಞೆ ಕೆ. ರೆಮಾದೇವಿ ಅವರ ಗೌರವಾರ್ಥ ಇಟ್ಟ ಹೆಸರದು. ಹೊಳೆಯ ಈ ಪುಟ್ಟ ಮೀನೂ ಕಾವೇರಿಯ 50 ಕಿಲೋದ ದೈತ್ಯನೂ ಒಂದೇ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

2018ರ ತಂಡ ತಮಿಳುನಾಡಿನ ಮೋಯಾರ್ ನದಿಯಲ್ಲಿ ಗೂನುಬೆನ್ನಿನ ಮೀನುಗಳನ್ನು ಸಂಗ್ರಹಿಸಿತು. ದೇಹದ ಅಳತೆ, ಹುರುಪೆಗಳ ಎಣಿಕೆಯ ಜತೆಗೆ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನೂ ಹೋಲಿಸಿ ನೋಡಿತು. ಪಾಂಬಾರ್‌ನ ಮೀನೂ ಮೋಯಾರ್‌ನ ಮೀನೂ ಒಂದೇ ಎಂದು ದೃಢಪಟ್ಟಿತು. ಪತ್ರಿಕೆಗಳಲ್ಲಿ ಸಣ್ಣ ಸುದ್ದಿಯಾಗಿ ಬಂದುಹೋದ ಈ ತೀರ್ಮಾನದಿಂದಲೇ ಕೆಂಪು ಪಟ್ಟಿಯ ಬಾಗಿಲು ತೆರೆಯಿತು. ಇನ್ನೊಂದು ಬದಿಯಲ್ಲಿ, ಹಿಂದೆ ಅಪಾಯದಂಚಿನಲ್ಲಿದೆ ಎನ್ನಲಾಗಿದ್ದ ನೀಲಿ ರೆಕ್ಕೆಯ ಮಹಶೀರ್ ಮರುಮೌಲ್ಯಮಾಪನದಲ್ಲಿ 'ಕಡಿಮೆ ಕಾಳಜಿಯ' ವರ್ಗಕ್ಕೆ ಇಳಿಯಿತು. ಅದರ ಬಗ್ಗೆ ಸಾಕಷ್ಟು ಸಂಭ್ರಮವೂ ನಡೆಯಿತು. ಒಂದೇ ಹೆಸರಿನಡಿ ಕರೆಸಿಕೊಳ್ಳುತ್ತಿದ್ದ ಎರಡು ಮೀನುಗಳ ಭವಿಷ್ಯ ಹೀಗೆ ಎರಡು ದಿಕ್ಕಿಗೆ ಹೊರಳಿತು.

ನೋಟವೊಂದೇ ಸಾಲದು

ಲಿನೇಯಸ್‌ನ ಕಾಲದಲ್ಲಿ ವರ್ಗೀಕರಣವೆಂದರೆ ಬಹುಪಾಲು ಹೊರನೋಟದ ಹೋಲಿಕೆ. ಡಾರ್ವಿನ್‌ನ ನಂತರ ಪ್ರಶ್ನೆಯೇ ಬದಲಾಯಿತು. ಯಾವುದು ಯಾವುದನ್ನು ಹೋಲುತ್ತದೆ ಎಂಬುದಕ್ಕಿಂತ ಯಾವುದು ಯಾವುದರ ಸಂಬಂಧಿ, ಯಾವ ಕವಲು ಯಾವಾಗ ಬೇರೆಯಾಯಿತು ಎಂಬುದು ಮುಖ್ಯವೆನಿಸಿತು. ಕಳೆದ ಕೆಲವು ದಶಕಗಳಲ್ಲಿ ಡಿಎನ್‌ಎ ಪರೀಕ್ಷೆ ಅಗ್ಗವಾಗಿದ್ದರಿಂದ ಒಂದೇ ಎಂದುಕೊಂಡಿದ್ದವು ಹಲವು, ಹಲವು ಎಂದುಕೊಂಡಿದ್ದವು ಒಂದೇ ಎಂದು ಸಾಬೀತಾದ ಉದಾಹರಣೆಗಳು ಸಾಲುಸಾಲಾಗಿ ಬರುತ್ತಿವೆ.

ಪಶ್ಚಿಮ ಘಟ್ಟದ ಕಪ್ಪೆಗಳ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. 2011ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಇರುಳು ಕಪ್ಪೆಗಳ ಒಂದೇ ಕುಲದಲ್ಲಿ 12 ಹೊಸ ಪ್ರಭೇದಗಳನ್ನು ಪ್ರಕಟಿಸಿದರು. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಕತ್ತಲೆಕಾನಿನ ಕಪ್ಪೆಯೊಂದಕ್ಕೆ 'ನಿಕ್ಟಿಬಟ್ರಾಕಸ್ ಕುಂಬಾರ' ಎಂದು ಹೆಸರಿಟ್ಟರು. ಗಂಡು ಕಪ್ಪೆ ಮುಂಗೈಯಿಂದ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಮಡಕೆ ಮಾಡುವವನನ್ನು ನೆನಪಿಸುವ ಈ ವರ್ತನೆಯಿಂದಲೇ ಅಚ್ಚಗನ್ನಡದ ಪದವೊಂದು ಜಗತ್ತಿನ ಜೀವಿಗಳ ಪಟ್ಟಿ ಸೇರಿತು. ಅದನ್ನು ಬೇರೆ ಪ್ರಭೇದವೆಂದು ಗುರುತಿಸಲು ದೇಹರಚನೆಯ ಜತೆಗೆ ಕೂಗು, ವರ್ತನೆ, ಡಿಎನ್‌ಎ ಎಲ್ಲವೂ ನೆರವಾದವು.

ಕಾವೇರಿಯ ಲೆಕ್ಕಕ್ಕೆ ಇನ್ನೂ ಹತ್ತಿರದ ಹೋಲಿಕೆ ಆಫ್ರಿಕಾದಲ್ಲಿದೆ. ಜಿರಾಫೆಯನ್ನು ಬಹುಕಾಲ ಒಂದೇ ಪ್ರಭೇದವೆಂದು ಪರಿಗಣಿಸಲಾಗಿತ್ತು. 2025ರ ಆಗಸ್ಟ್‌ನಲ್ಲಿ ಐಯುಸಿಎನ್‌ನ ತಜ್ಞರ ಗುಂಪು ಅದನ್ನು ನಾಲ್ಕು ಪ್ರಭೇದಗಳಾಗಿ ಮಾನ್ಯ ಮಾಡಿತು. ಒಂದೇ ಎಂದಾಗ ಒಟ್ಟು ಸಂಖ್ಯೆ ಒಂದು ಲಕ್ಷಕ್ಕೂ ಮೀರಿ, ಅಷ್ಟೇನೂ ಆತಂಕ ಹುಟ್ಟಿಸುವಂತಿರಲಿಲ್ಲ. ಬೇರ್ಪಡಿಸಿ ನೋಡಿದಾಗ ದಕ್ಷಿಣದ ಜಿರಾಫೆ 68 ಸಾವಿರಕ್ಕೂ ಹೆಚ್ಚಿದ್ದರೆ ಉತ್ತರದ್ದು 7 ಸಾವಿರದ ಆಸುಪಾಸಿನಲ್ಲಿದೆ ಎಂಬುದು ಬೆಳಕಿಗೆ ಬಂತು. ಗಾಳಿಬೋರೆಯ ಪುಸ್ತಕ ಹೇಳಿದ್ದೂ ಇದನ್ನೇ. ಕೂಡಿಸಿದ ಮೊತ್ತ ದುರ್ಬಲನನ್ನು ಮರೆಮಾಚುತ್ತದೆ.

ಹಾಗೆಂದು ವಿಜ್ಞಾನಿಗಳೆಲ್ಲ ಇದನ್ನು ಒಕ್ಕೊರಲಿನಿಂದ ಸ್ವಾಗತಿಸಿದ್ದಾರೆ ಎನ್ನುವಂತಿಲ್ಲ. ಪ್ರಭೇದ ಎಂದರೇನು ಎಂಬುದಕ್ಕೆ ಎಲ್ಲರೂ ಒಪ್ಪುವ ಒಂದೇ ವ್ಯಾಖ್ಯೆ ಇಲ್ಲ. ತಮ್ಮೊಳಗೆ ಕೂಡಿ ಸಂತಾನ ಪಡೆಯುವ ಗುಂಪು ಎಂಬ ಹಳೆಯ ವ್ಯಾಖ್ಯೆ ಸಸ್ಯಗಳಿಗೂ ಸೂಕ್ಷ್ಮಾಣುಗಳಿಗೂ ಸರಿಯಾಗಿ ಹೊಂದುವುದಿಲ್ಲ. 2017ರಲ್ಲಿ ಆಸ್ಟ್ರೇಲಿಯಾದ ಇಬ್ಬರು ತಜ್ಞರು, ಸ್ಟೀಫನ್ ಗಾರ್ನೆಟ್ ಮತ್ತು ಲೆಸ್ ಕ್ರಿಸ್ಟಿಡಿಸ್, 'ನೇಚರ್' ಪತ್ರಿಕೆಯಲ್ಲಿ ಬರೆದು ವರ್ಗೀಕರಣದ ಅರಾಜಕತೆ ಸಂರಕ್ಷಣೆಗೆ ಅಡ್ಡಿಯಾಗಿದೆ ಎಂದು ದೂರಿದರು. ಯಾರು ಬೇಕಾದರೂ ಒಂದು ಪ್ರಭೇದವನ್ನು ನಾಲ್ಕಾಗಿ ಒಡೆಯಬಹುದಾದರೆ ಕಾನೂನು ಯಾವುದನ್ನು ನಂಬಬೇಕು ಎಂಬುದು ಅವರ ಪ್ರಶ್ನೆ. ಇದಕ್ಕೊಂದು ಜಾಗತಿಕ ನಿಯಂತ್ರಣ ವ್ಯವಸ್ಥೆ ಬೇಕೆಂಬ ಅವರ ಸಲಹೆಗೆ ನೂರಾರು ವರ್ಗೀಕರಣ ತಜ್ಞರಿಂದ ತೀವ್ರ ವಿರೋಧ ವ್ಯಕ್ತವಾಯಿತು. ವಿಜ್ಞಾನದ ಪ್ರಶ್ನೆಯನ್ನು ಸಮಿತಿಯ ಮತಕ್ಕೆ ಹಾಕಲಾಗದು ಎಂಬುದು ವಿರೋಧಿಗಳ ವಾದ.

ಎರಡೂ ವಾದಗಳಲ್ಲಿ ಹುರುಳಿದೆ. ಆದರೆ ಕಾವೇರಿಯ ಅನುಭವ ನೋಡಿದರೆ, ಅತಿಯಾಗಿ ಒಡೆದದ್ದರಿಂದ ಆಗುವ ನಷ್ಟಕ್ಕಿಂತ ಒಡೆಯಬೇಕಾದುದನ್ನು ಒಡೆಯದೆ ಬಿಟ್ಟದ್ದರ ನಷ್ಟವೇ ದೊಡ್ಡದು ಎನಿಸುತ್ತದೆ. ತಪ್ಪಾಗಿ ಬೇರ್ಪಡಿಸಿದ ಎರಡು ಹೆಸರುಗಳನ್ನು ನಾಳೆ ಒಂದೇ ಲೇಖನದಿಂದ ಮತ್ತೆ ಕೂಡಿಸಬಹುದು. ಲೋಣಾವಳದ ಮರಿಗಳನ್ನು ಕಾವೇರಿಯಿಂದ ಹೆಕ್ಕಿ ತೆಗೆಯುವುದು ಯಾರಿಂದಲೂ ಸಾಧ್ಯವಿಲ್ಲ.

ಮುಂದಿನ ಪರೀಕ್ಷೆ ಮೇಕೆದಾಟು

ವರ್ಗೀಕರಣದ ಈ ಪ್ರಶ್ನೆ ರಾಜ್ಯದ ರಾಜಕಾರಣದ ಅಂಗಳಕ್ಕೆ ಬರುವ ದಿನ ದೂರವಿಲ್ಲ. ಗಾಳಿಬೋರೆಯ ಕೆಳಭಾಗದಲ್ಲಿ, ಸಂಗಮವನ್ನು ದಾಟಿದ ಬಳಿಕ ಬರುವ ಮೇಕೆದಾಟಿನಲ್ಲಿ 67.16 ಟಿಎಂಸಿ ಅಡಿ ಸಾಮರ್ಥ್ಯದ ಸಮತೋಲನ ಜಲಾಶಯ ನಿರ್ಮಿಸಬೇಕೆಂಬುದು ರಾಜ್ಯ ಸರ್ಕಾರದ ಪ್ರಸ್ತಾವ. ಬೆಂಗಳೂರಿಗೆ ಕುಡಿಯುವ ನೀರು ಮತ್ತು 400 ಮೆಗಾವಾಟ್ ವಿದ್ಯುತ್ ಇದರ ಉದ್ದೇಶ. ಪ್ರಸ್ತಾವದ ಪ್ರಕಾರ ಮುಳುಗಡೆಯಾಗುವ ಸುಮಾರು 5 ಸಾವಿರ ಹೆಕ್ಟೇರ್ ಭೂಮಿಯಲ್ಲಿ ಬಹುಪಾಲು ಅರಣ್ಯ. ಅದರಲ್ಲಿ 3 ಸಾವಿರ ಹೆಕ್ಟೇರ್‌ಗೂ ಹೆಚ್ಚು ಕಾವೇರಿ ವನ್ಯಧಾಮಕ್ಕೆ ಸೇರಿದ್ದು. 2019ರಲ್ಲಿ ಕೇಂದ್ರ ಪರಿಸರ ಸಚಿವಾಲಯದ ತಜ್ಞರ ಸಮಿತಿ, ಎರಡೂ ರಾಜ್ಯಗಳು ಸೌಹಾರ್ದದಿಂದ ಬಗೆಹರಿಸಿಕೊಳ್ಳಲಿ ಎಂದು ಪ್ರಸ್ತಾವವನ್ನು ಬದಿಗಿರಿಸಿತ್ತು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಅರ್ಜಿಯನ್ನು ಅಕಾಲಿಕ ಎಂದು ಪರಿಗಣಿಸಿದ ನಂತರ ಕಡತ ಮತ್ತೆ ಚುರುಕುಗೊಂಡಿತು.

ಇದುವರೆಗೆ ನಡೆದ ವಾಗ್ವಾದವೆಲ್ಲ ನೀರಿನ ಹಂಚಿಕೆಯದು. ಎರಡೂ ರಾಜ್ಯಗಳ ವಕೀಲರು ಟಿಎಂಸಿಯಲ್ಲಿ ಮಾತನಾಡುತ್ತಾರೆಯೇ ಹೊರತು ಮೀನಿನ ಹೆಸರು ಅವರ ಬಾಯಲ್ಲಿ ಬರುವುದು ಅಪರೂಪ. ಬೆಂಗಳೂರಿನ ನೀರಿನ ಬವಣೆ ಕಡೆಗಣಿಸುವಂಥದ್ದಲ್ಲ, ನಿಜ. ಆದರೆ ಪರಿಸರ ಪರಿಣಾಮದ ಅಧ್ಯಯನ ಎಂದಾದರೂ ನಡೆಯಲೇಬೇಕು. ಆಗ ಮೀನುಗಳ ಪಟ್ಟಿಯಲ್ಲಿ 'ಮಹಶೀರ್' ಎಂಬ ಒಂದೇ ಪದ ಬರೆದು ಮುಂದೆ ಸಾಗಿದರೆ ಕಾಗದದ ಮೇಲೆ ಯಾವ ತೊಡಕೂ ಕಾಣಿಸದು. ದೇಶದ ಹಲವೆಡೆ ಇರುವ, 'ಕಡಿಮೆ ಕಾಳಜಿಯ' ಮೀನೊಂದು ಇಲ್ಲಿಯೂ ಇದೆ ಎಂದಷ್ಟೇ ಅರ್ಥವಾಗುತ್ತದೆ. 'ಟಾರ್ ರೆಮಾದೇವಿ' ಎಂದು ಬರೆದರೆ ಚಿತ್ರವೇ ಬೇರೆ. ಕಾವೇರಿ ಕೊಳ್ಳವನ್ನು ಬಿಟ್ಟು ಜಗತ್ತಿನ ಇನ್ನಾವ ನದಿಯಲ್ಲೂ ಸಹಜವಾಗಿ ಬದುಕದ, ಕೊಳ್ಳದ ಒಳಗೂ ಮೋಯಾರ್, ಪಾಂಬಾರ್‌ನಂತಹ ಕೆಲವೇ ತುಣುಕುಗಳಲ್ಲಿ ಉಳಿದಿರುವ ಮೀನಿನ ನೆಲೆ ಅದಾಗುತ್ತದೆ. ವೇಗದ ಹರಿವು, ಆಳದ ಮಡು, ಬಂಡೆಗಳ ನಡುವಿನ ಆಮ್ಲಜನಕ ಭರಿತ ನೀರು ಅದಕ್ಕೆ ಬೇಕು. ಅಣೆಕಟ್ಟೆಯ ಹಿಂದಿನ ನಿಂತ ನೀರಿನಲ್ಲಿ ಇವು ಯಾವುವೂ ಉಳಿಯುವುದಿಲ್ಲ.

ಇಂಥ ಪಟ್ಟಿಯನ್ನು ಸರಿಯಾಗಿ ಬರೆಯಬಲ್ಲವರು ಎಷ್ಟಿದ್ದಾರೆ ಎಂಬುದು ಇನ್ನೊಂದು ಚಿಂತೆ. ಪ್ರಾಣಿವಿಜ್ಞಾನ ಸರ್ವೇಕ್ಷಣಾ ಸಂಸ್ಥೆಗೆ 1916ರಿಂದ, ಸಸ್ಯ ಸರ್ವೇಕ್ಷಣಾ ಸಂಸ್ಥೆಗೆ 1890ರಿಂದ ಇತಿಹಾಸವಿದೆ. ಆದರೆ ವಿಶ್ವವಿದ್ಯಾಲಯಗಳಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ವಿಭಾಗಗಳ ಆಕರ್ಷಣೆ ಜೈವಿಕ ತಂತ್ರಜ್ಞಾನದ ಕಡೆಗೆ ಹೊರಳಿದ ಮೇಲೆ ಹುರುಪೆ ಎಣಿಸಿ, ಸಂಗ್ರಹಾಲಯದ ಹಳೆಯ ಬಾಟಲಿ ತೆರೆದು ಕೂರುವ ವಿದ್ಯಾರ್ಥಿಗಳು ಕಡಿಮೆಯಾಗಿದ್ದಾರೆ. ಬಡ್ತಿ, ಅನುದಾನಗಳೆರಡೂ ಪ್ರತಿಷ್ಠಿತ ನಿಯತಕಾಲಿಕಗಳಲ್ಲಿ ಪ್ರಕಟವಾದ ಲೇಖನಗಳನ್ನು ಅವಲಂಬಿಸಿರುವಾಗ, ಹತ್ತು ವರ್ಷ ಹೊಳೆ ಅಲೆದು ಒಂದು ಕಪ್ಪೆಗೆ ಹೆಸರಿಡುವವನಿಗೆ ಸಿಗುವ ಮನ್ನಣೆ ಅಲ್ಪ. ಡಿಎನ್‌ಎ ಯಂತ್ರ ಈ ಕೊರತೆಯನ್ನು ತುಂಬುತ್ತದೆಂಬ ನಿರೀಕ್ಷೆ ಪೂರ್ತಿ ನಿಜವಲ್ಲ. ಯಂತ್ರ ಎರಡು ಮಾದರಿಗಳು ಬೇರೆ ಎಂದು ಹೇಳಬಲ್ಲದು. ಅವುಗಳಲ್ಲಿ ಸೈಕ್ಸ್ ಹೆಸರಿಸಿದ್ದು ಯಾವುದನ್ನು ಎಂದು ಹೇಳಲು 1839ರ ಪುಟಗಳನ್ನು ಓದಬಲ್ಲ ಮನುಷ್ಯನೇ ಬೇಕು.

ಕಾವೇರಿಯ ಮಟ್ಟಿಗೆ ಆಗಬೇಕಾದ ಕೆಲಸ ದೊಡ್ಡದೇನಲ್ಲ. ಶಿವನಸಮುದ್ರದಿಂದ ಮೇಕೆದಾಟಿನವರೆಗಿನ ಮಡುಗಳಲ್ಲಿ ಸಿಗುವ ಮಹಶೀರ್‌ಗಳ ರೆಕ್ಕೆಯ ಅಂಚಿನಿಂದ ಕಾಳಿನಷ್ಟು ಚೂರು ಕತ್ತರಿಸಿ ಮೀನನ್ನು ನೀರಿಗೆ ಬಿಟ್ಟರೆ ಸಾಕು. ಅದು ಯಾವ ಪ್ರಭೇದ, ಎರಡರ ಬೆರಕೆಯೇ ಎಂಬುದನ್ನು ಪ್ರಯೋಗಾಲಯ ತಿಳಿಸುತ್ತದೆ. ಮರಿ ಬಿಡುವ ಯೋಜನೆಗಳಲ್ಲೂ ಇದೇ ಪರೀಕ್ಷೆ ಕಡ್ಡಾಯವಾಗಬೇಕು. ಇದನ್ನು ಅಣೆಕಟ್ಟೆಯ ಕಡತಕ್ಕೆ ಸಹಿ ಬೀಳುವ ಮೊದಲು ಮಾಡುತ್ತಾರೆಯೋ ಬಿದ್ದ ಮೇಲೆಯೋ ಎಂಬುದನ್ನು ಸರ್ಕಾರವೇ ನಿರ್ಧರಿಸಬೇಕಿದೆ.